ಗ್ರಂಥಶೋಧವೂ ಗ್ರಂಥವಿಮರ್ಶೆಯೂ: ಚಾಣಕ್ಯನನ್ನು ಕುರಿತ ಮೂರು ಕೃತಿಗಳು

ಪ್ರಾಚೀನ ಗ್ರಂಥವೊಂದು ದೊರೆಯಿತೆಂಬ ವಾರ್ತೆ ವಿದ್ವಾಂಸರಿಗೆ ಹರ್ಷವನ್ನುಂಟುಮಾಡುವುದು ಸಹಜವೇ ಆಗಿದೆ. ಆದರೆ ಓಲೆಗರಿಯ ಕಟ್ಟೊಂದು ಕೈಸೇರಿದ ಮಾತ್ರಕ್ಕೆ ಶೋಧಕಾರ್ಯವು ಮುಗಿಯಿತೆಂದು ಭಾವಿಸುವುದು ಸಮಂಜಸವಲ್ಲ. ಆ ಗ್ರಂಥ ಯಾವ ಜಾತಿಯದು, ಅದರ ಪಾಠ ಎಷ್ಟರಮಟ್ಟಿಗೆ ಶುದ್ಧವಾಗಿದೆ, ಅದು ಯಾವ ಕಾಲಕ್ಕೆ ಸಾಕ್ಷಿ ನುಡಿಯಬಲ್ಲುದು, ಯಾವುದಕ್ಕೆ ನುಡಿಯಲಾರದು ಎಂಬ ಪ್ರಶ್ನೆಗಳು ನಿರ್ಣಯವಾಗುವವರೆಗೆ ಶೋಧವು ಅರ್ಧದಲ್ಲಿಯೇ ನಿಂತಿರುತ್ತದೆ. ಉಳಿದರ್ಧವನ್ನು ಪೂರೈಸತಕ್ಕದ್ದು ವಿಮರ್ಶೆ. ಈ ಮಾತನ್ನು ಒಂದು ನಿದರ್ಶನದ ಮೂಲಕ ಸ್ಪಷ್ಟಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಿದರ್ಶನಕ್ಕಾಗಿ ನಾವು ಚಾಣಕ್ಯನನ್ನು ಆರಿಸಿಕೊಂಡಿದ್ದೇವೆ. ಆತನ ಹೆಸರಿನೊಡನೆ ಹೆಣೆದುಕೊಂಡಿರುವ ಮೂರು ಕೃತಿಗಳು ಮೂರು ಬೇರೆ ಬೇರೆ ಜಾತಿಗೆ ಸೇರಿದವು: ಕೌಟಿಲ್ಯನ 'ಅರ್ಥಶಾಸ್ತ್ರ'ವು ರಾಜನೀತಿಯ ಶಾಸ್ತ್ರಗ್ರಂಥ, ವಿಶಾಖದತ್ತನ 'ಮುದ್ರಾರಾಕ್ಷಸ'ವು ನಾಟಕ, ಕನ್ನಡದ 'ವಡ್ಡಾರಾಧನೆ'ಯಲ್ಲಿ ಬರುವ ಚಾಣಕ್ಯನ ಕಥೆಯು ಜೈನ ಪುರಾಣಪರಂಪರೆಯ ಧರ್ಮಕಥೆ. ನಮ್ಮ ಕಾಲೇಜಿನ ತರಗತಿಗಳಲ್ಲಿ ಶಾಸ್ತ್ರದಿಂದ ಆಡಳಿತವನ್ನೂ, ನಾಟಕದಿಂದ ತಂತ್ರವನ್ನೂ, ಕಥೆಯಿಂದ ಅಂತ್ಯವನ್ನೂ ಎತ್ತಿಕೊಂಡು ಒಂದೇ ಜೀವನಚರಿತ್ರೆಯನ್ನು ಹೊಸೆಯುವ ವಾಡಿಕೆ ಇದೆ. ಹೀಗೆ ಹೊಸೆದ ಹಗ್ಗ ಎಷ್ಟು ಭಾರವನ್ನು ತಾಳಬಲ್ಲುದೆಂಬುದನ್ನು ಪರೀಕ್ಷಿಸಬೇಕಾಗಿದೆ.

ಮೊದಲು 'ಅರ್ಥಶಾಸ್ತ್ರ'ವನ್ನು ತೆಗೆದುಕೊಳ್ಳೋಣ. ಇದರ ಶೋಧವು ಮೈಸೂರಿಗೆ ಕೀರ್ತಿಯನ್ನು ತಂದ ಸಂಗತಿ. ಈ ಶತಮಾನಕ್ಕೆ ಹಿಂದಿನ ಶತಮಾನದ ಆರಂಭದವರೆಗೂ ಈ ಗ್ರಂಥವು ವಿದ್ವಾಂಸರಿಗೆ ಬಹುಮಟ್ಟಿಗೆ ಕೇವಲ ಹೆಸರಾಗಿತ್ತು. ದಂಡಿಯು ತನ್ನ 'ದಶಕುಮಾರಚರಿತ'ದಲ್ಲಿ, ವಿಷ್ಣುಗುಪ್ತನು ಮೌರ್ಯನಿಗಾಗಿ ದಂಡನೀತಿಯನ್ನು ಆರು ಸಾವಿರ ಶ್ಲೋಕಗಳ ಪ್ರಮಾಣಕ್ಕೆ ಸಂಗ್ರಹಿಸಿದನೆಂದು ಹೇಳುತ್ತಾನೆ. ಬಾಣನು 'ಕಾದಂಬರಿ'ಯಲ್ಲಿ ಈ ಶಾಸ್ತ್ರದ ಕ್ರೌರ್ಯವನ್ನು ಹಳಿಯುತ್ತಾನೆ. ಕಾಮಂದಕನು ತನ್ನ 'ನೀತಿಸಾರ'ದ ಆದಿಯಲ್ಲಿ ನಂದರನ್ನು ಉರುಳಿಸಿದ ವಿಷ್ಣುಗುಪ್ತನಿಗೆ ನಮಸ್ಕರಿಸುತ್ತಾನೆ. ಇಷ್ಟು ಉಲ್ಲೇಖಗಳಿದ್ದರೂ ಮೂಲಗ್ರಂಥವು ನಷ್ಟವಾಯಿತೆಂದೇ ಅನೇಕರು ಭಾವಿಸಿದ್ದರು.

೧೮೯೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಓರಿಯೆಂಟಲ್ ಲೈಬ್ರರಿಗೆ, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಯೋಲೆಯ ಪ್ರತಿಯೊಂದನ್ನು ತಂದೊಪ್ಪಿಸಿದರು. ಅದರೊಡನೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಭಾಗವೂ ಇತ್ತು. ಆಗ ಆ ಭಂಡಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಇದು ಯಾವ ಗ್ರಂಥವೆಂಬುದನ್ನು ಗುರುತಿಸಿ, ೧೯೦೫ರಿಂದ ಇದರ ಭಾಗಗಳ ಇಂಗ್ಲಿಷ್ ಅನುವಾದವನ್ನು ವಿದ್ವತ್ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು. ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಸಮಗ್ರ ಅನುವಾದವೂ ಅಚ್ಚಾದವು. ಪ್ರತಿಯನ್ನು ತಂದುಕೊಟ್ಟವರೂ, ಅದನ್ನು ಓದಿ ಗುರುತಿಸಿದವರೂ ಇಬ್ಬರೂ ಸ್ಮರಣೀಯರೇ. ಓದಿ ಗುರುತಿಸುವವರಿಲ್ಲದಿದ್ದರೆ ಆ ಕಟ್ಟು ಭಂಡಾರದ ಅನೇಕ ಕಟ್ಟುಗಳಲ್ಲಿ ಒಂದಾಗಿ ಉಳಿದುಬಿಡುತ್ತಿತ್ತು.

ಗ್ರಂಥವು ಪ್ರಕಟವಾದ ಕಾಲದ ಸನ್ನಿವೇಶವನ್ನೂ ಇಲ್ಲಿ ನೆನೆಯಬೇಕು. ಭಾರತೀಯರಿಗೆ ಪಾರಮಾರ್ಥಿಕ ಚಿಂತನೆಯಲ್ಲದೆ ರಾಜ್ಯಶಾಸ್ತ್ರದ ಚಿಂತನೆ ಇರಲಿಲ್ಲವೆಂಬ ಆಕ್ಷೇಪವು ಆಗ ಬಲವಾಗಿತ್ತು. ಹದಿನೈದು ಅಧಿಕರಣಗಳ, ನೂರೈವತ್ತು ಅಧ್ಯಾಯಗಳ ಈ ಗ್ರಂಥವು ಆ ಆಕ್ಷೇಪಕ್ಕೆ ತಾನೇ ಉತ್ತರವಾಗಿ ನಿಂತಿತು. ಕೋಶ, ಗಣಿ, ತೂಕ ಅಳತೆ, ಸುಂಕ, ನ್ಯಾಯವಿಚಾರಣೆ, ಗೂಢಚಾರರು, ದುರ್ಗನಿರ್ಮಾಣ ಮುಂತಾದ ವಿಷಯಗಳು ಇದರಲ್ಲಿ ವಿಸ್ತಾರವಾಗಿ ನಿರೂಪಿತವಾಗಿವೆ. ಉತ್ಸಾಹದ ಭರದಲ್ಲಿ ಅನೇಕರು ಇದನ್ನು ಚಂದ್ರಗುಪ್ತಮೌರ್ಯನ ಆಡಳಿತದ ವರದಿಯೋ ಎಂಬಂತೆ ಓದತೊಡಗಿದರು. ವಿಮರ್ಶೆಯ ಕೆಲಸ ಇಲ್ಲಿಂದ ಪ್ರಾರಂಭವಾಯಿತು.

ವಿಮರ್ಶೆಗೆ ಮೊದಲು ಬೇಕಾದುದು ಬೇರೆ ಪ್ರತಿಗಳು. ೧೯೨೩-೨೪ರಲ್ಲಿ ಲಾಹೋರಿನಿಂದ ಯೋಲಿ ಮತ್ತು ಷ್ಮಿಟ್ ಎಂಬ ಜರ್ಮನ್ ವಿದ್ವಾಂಸರ ಸಂಪಾದನೆಯೂ, ೧೯೨೪-೨೫ರಲ್ಲಿ ತಿರುವನಂತಪುರದಿಂದ ಟಿ. ಗಣಪತಿಶಾಸ್ತ್ರಿಗಳ ಸವ್ಯಾಖ್ಯಾನ ಸಂಪಾದನೆಯೂ ಹೊರಬಂದವು. ಮುಂದೆ ಮುಂಬಯಿ ವಿಶ್ವವಿದ್ಯಾನಿಲಯದ ಪರವಾಗಿ ಆರ್. ಪಿ. ಕಾಂಗ್ಲೆಯವರು ಲಭ್ಯ ಪ್ರತಿಗಳನ್ನು ತೂಗಿನೋಡಿ ೧೯೬೦ರಲ್ಲಿ ಮೂಲವನ್ನೂ, ೧೯೬೩ರಲ್ಲಿ ಅನುವಾದವನ್ನೂ, ೧೯೬೫ರಲ್ಲಿ ಅಧ್ಯಯನವನ್ನೂ ಪ್ರಕಟಿಸಿದರು. ಒಂದು ಸಣ್ಣ ಪಾಠಭೇದವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಗ್ರಂಥಕಾರನ ಹೆಸರೇ ಸಾಕ್ಷಿ. ಗಣಪತಿಶಾಸ್ತ್ರಿಗಳು 'ಕೌಟಲ್ಯ' ಎಂಬ ರೂಪವನ್ನು ಅಂಗೀಕರಿಸಿ, ಅದನ್ನು ಗೋತ್ರನಾಮವೆಂದು ತಿಳಿದರು. 'ಕೌಟಿಲ್ಯ' ಎಂದಾಗ ನಮಗೆ ಕುಟಿಲತೆ ನೆನಪಾಗುತ್ತದೆ. 'ಕೌಟಲ್ಯ' ಎಂದಾಗ ಒಂದು ವಂಶ ಮಾತ್ರ ಕಾಣುತ್ತದೆ. ಒಂದು ಸ್ವರದ ವ್ಯತ್ಯಾಸದಲ್ಲಿ ಒಬ್ಬ ಮನುಷ್ಯನ ಸ್ವಭಾವವೇ ಬದಲಾಗುವಂತಿದ್ದರೆ, ಪಾಠನಿರ್ಣಯವು ಕೇವಲ ವೈಯಾಕರಣರ ಚಪಲವೆಂದು ಯಾರು ಹೇಳಬಲ್ಲರು?

ಎರಡನೆಯದಾಗಿ, ಗ್ರಂಥದ ಒಳಗಿನ ಸಾಕ್ಷ್ಯ. ಇಡೀ 'ಅರ್ಥಶಾಸ್ತ್ರ'ದಲ್ಲಿ ಚಂದ್ರಗುಪ್ತನ ಹೆಸರಾಗಲಿ, ಪಾಟಲಿಪುತ್ರದ ಹೆಸರಾಗಲಿ, ಚಾಣಕ್ಯ ಎಂಬ ಹೆಸರಾಗಲಿ ಬರುವುದಿಲ್ಲ. ಕೌಟಿಲ್ಯನ ಮತವನ್ನು ಪ್ರಥಮಪುರುಷದಲ್ಲಿ ಹೇಳಲಾಗಿದೆ. ವಿಷ್ಣುಗುಪ್ತನ ಹೆಸರೂ ನಂದರ ಪ್ರಸ್ತಾಪವೂ ಗ್ರಂಥಾಂತ್ಯದ ಪದ್ಯಗಳಲ್ಲಿವೆ. ಶಾಸ್ತ್ರವು ಮುಂದಿಟ್ಟುಕೊಂಡಿರುವುದು ನೆರೆಹೊರೆಯ ಅರಸರ ಮಂಡಲದ ನಡುವೆ ಇರುವ ವಿಜಿಗೀಷುವಿನ ರಾಜ್ಯವನ್ನು. ಭರತಖಂಡದ ಬಹುಭಾಗವನ್ನು ವ್ಯಾಪಿಸಿದ ಸಾಮ್ರಾಜ್ಯವನ್ನಲ್ಲ. ಮೆಗಸ್ತನೀಸನ ವರ್ಣನೆಯಂತೆ ಪಾಟಲಿಪುತ್ರದ ಕೋಟೆ ಮರದ್ದು. ಪಾಟನಾದ ಬುಲಂದಿಬಾಗಿನ ಉತ್ಖನನದಲ್ಲಿ ಮರದ ಆವರಣದ ಅವಶೇಷಗಳೂ ದೊರೆತಿವೆ. ಆದರೆ 'ಅರ್ಥಶಾಸ್ತ್ರ'ವು ಮರದಲ್ಲಿ ಅಗ್ನಿಯು ಅಡಗಿರುವುದೆಂಬ ಕಾರಣದಿಂದ ಮರದ ಪ್ರಾಕಾರವನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಇದರಿಂದ ಶಾಸ್ತ್ರವು ಸುಳ್ಳೆಂದಾಗಲಿ ಮೆಗಸ್ತನೀಸನು ಸುಳ್ಳನೆಂದಾಗಲಿ ಸಿದ್ಧವಾಗುವುದಿಲ್ಲ. ಶಾಸ್ತ್ರವು 'ಹೀಗಿರಬೇಕು' ಎನ್ನುತ್ತದೆ, 'ಹೀಗಿತ್ತು' ಎನ್ನುವುದಿಲ್ಲ. ವಿಧಿವಾಕ್ಯವನ್ನು ವೃತ್ತಾಂತವೆಂದು ಓದಬಾರದೆಂಬುದು ಇದರಿಂದ ನಾವು ಕಲಿಯತಕ್ಕ ಪಾಠ.

ಕಾಲನಿರ್ಣಯದಲ್ಲಿ ವಿದ್ವಾಂಸರು ಏಕಾಭಿಪ್ರಾಯಕ್ಕೆ ಬಂದಿಲ್ಲ. ಶಾಮಶಾಸ್ತ್ರಿಗಳು, ಯಾಕೋಬಿ, ಕಾಂಗ್ಲೆ ಮೊದಲಾದವರು ಇದನ್ನು ಮೌರ್ಯರ ಕಾಲಕ್ಕೆ ಸೇರಿಸಿದರು. ಯೋಲಿಯವರು ಕ್ರಿ. ಶ. ಮೂರನೆಯ ಶತಮಾನದವರೆಗೆ ಕೆಳಕ್ಕೆ ತಂದರು. ೧೯೬೮ರಲ್ಲಿ ಬರೋ ಅವರು ಚಾಣಕ್ಯ, ಕೌಟಲ್ಯ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂದು ವಾದಿಸಿದರು. ೧೯೭೧ರಲ್ಲಿ ಟ್ರೌಟ್‌ಮನ್ ಅವರು ಅವ್ಯಯಾದಿ ಸಾಮಾನ್ಯ ಪದಗಳು ಬರುವ ಪ್ರಮಾಣವನ್ನು ಎಣಿಸಿ, ಬೇರೆ ಬೇರೆ ಅಧಿಕರಣಗಳಲ್ಲಿ ಒಂದಕ್ಕಿಂತ ಹೆಚ್ಚು ಕೈಗಳಿವೆಯೆಂದು ತೋರಿಸಿದರು. ೨೦೧೩ರಲ್ಲಿ ಹೊಸ ಅನುವಾದವನ್ನು ಪ್ರಕಟಿಸಿದ ಒಲಿವೆಲ್ ಅವರು ಕ್ರಿಸ್ತಶಕದ ಆಚೀಚಿನ ಶತಮಾನಗಳಲ್ಲಿ ಗ್ರಂಥವು ಹಂತಹಂತವಾಗಿ ರೂಪುಗೊಂಡಿತೆಂಬ ಮತವನ್ನು ಮಂಡಿಸಿದ್ದಾರೆ. ಗ್ರಂಥದಲ್ಲಿ ಅಧ್ಯಾಯಗಳ ವಿಂಗಡಣೆಯೂ ನೂರೆಂಬತ್ತು ಪ್ರಕರಣಗಳ ವಿಂಗಡಣೆಯೂ ಒಂದಕ್ಕೊಂದು ಸರಿಹೊಂದದಿರುವುದು ಈ ಮತಕ್ಕೆ ಪೋಷಕವಾಗಿದೆಯೆಂದು ನಮಗೆ ತೋರುತ್ತದೆ. ಹಳೆಯ ಸಾಮಗ್ರಿ ಅದರಲ್ಲಿ ಇಲ್ಲವೆಂದು ಇದರ ಅರ್ಥವಲ್ಲ. ಪ್ರತಿಯೊಂದು ವಾಕ್ಯಕ್ಕೂ ಪ್ರತ್ಯೇಕ ವಿಚಾರಣೆ ಅಗತ್ಯವೆಂದಷ್ಟೇ ಅರ್ಥ.

ಇನ್ನು 'ಮುದ್ರಾರಾಕ್ಷಸ'. ಏಳು ಅಂಕಗಳ ಈ ನಾಟಕದಲ್ಲಿ ಚಾಣಕ್ಯನು ನಂದರ ನಿಷ್ಠಾವಂತ ಅಮಾತ್ಯನಾದ ರಾಕ್ಷಸನನ್ನು ಅವನದೇ ಮುದ್ರೆಯುಂಗುರದ ನೆರವಿನಿಂದ ಒಂಟಿಯಾಗಿಸಿ, ಕೊನೆಗೆ ಚಂದ್ರಗುಪ್ತನ ಮಂತ್ರಿಪದವಿಯನ್ನು ಒಪ್ಪಿಕೊಳ್ಳುವಂತೆ ಮಾಡುತ್ತಾನೆ. ಚಾಣಕ್ಯ, ಕೌಟಿಲ್ಯ, ವಿಷ್ಣುಗುಪ್ತ ಎಂಬ ಮೂರು ಹೆಸರುಗಳೂ ಇಲ್ಲಿ ಒಬ್ಬನಿಗೇ ಸಲ್ಲುತ್ತವೆ. ಹೆಸರಿಗೂ ಕುಟಿಲಬುದ್ಧಿಗೂ ನಂಟನ್ನು ಕಲ್ಪಿಸಿದ ಚಮತ್ಕಾರವೂ ಈ ನಾಟಕದಲ್ಲಿದೆ. ಹೀಗಿರಲಾಗಿ, ನಾವು ಶಾಸ್ತ್ರಕಾರನಲ್ಲಿ ಕಾಣುವ ಮುಖವು ಬಹುಮಟ್ಟಿಗೆ ನಾಟಕಕಾರನು ಬರೆದ ಮುಖವೆಂಬುದನ್ನು ಮರೆಯಬಾರದು.

ನಾಟಕದ ಕಾಲವೂ ಪಾಠಭೇದವನ್ನೇ ಅವಲಂಬಿಸಿದೆ. ಭರತವಾಕ್ಯದಲ್ಲಿ ಹರಸಲ್ಪಟ್ಟ ಅರಸನ ಹೆಸರು ಕೆಲವು ಪ್ರತಿಗಳಲ್ಲಿ ಚಂದ್ರಗುಪ್ತನೆಂದೂ, ಕೆಲವು ಪ್ರತಿಗಳಲ್ಲಿ ಅವಂತಿವರ್ಮನೆಂದೂ, ಮತ್ತೆ ಕೆಲವದರಲ್ಲಿ ದಂತಿವರ್ಮನೆಂದೂ ಇದೆ. ಯಾವ ಹೆಸರನ್ನು ಆರಿಸಿದರೆ ಆ ಅರಸನ ಶತಮಾನಕ್ಕೆ ಕವಿಯು ಸೇರುತ್ತಾನೆ. ಶತ್ರುಸೈನ್ಯದಲ್ಲಿ ಹೂಣರ ಹೆಸರು ಬರುವುದು ಮೌರ್ಯರ ಆರಂಭಕಾಲಕ್ಕೆ ಎಷ್ಟು ಮಾತ್ರವೂ ಹೊಂದದು. ಆದ್ದರಿಂದ ನಾಟಕವು ಚಂದ್ರಗುಪ್ತಮೌರ್ಯನ ಕಾಲಕ್ಕಿಂತ ತನ್ನ ಕವಿಯ ಕಾಲಕ್ಕೆ ಹೆಚ್ಚು ನಂಬತಕ್ಕ ಸಾಕ್ಷಿ. ರಾಜನಿಷ್ಠೆ, ಮಿತ್ರಧರ್ಮ, ಮಂತ್ರಿಯ ಕರ್ತವ್ಯ ಇವುಗಳನ್ನು ಆ ಕಾಲದ ಸಹೃದಯರು ಹೇಗೆ ಭಾವಿಸುತ್ತಿದ್ದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ವಿರಳ.

ಈ ಕಥೆ ಕನ್ನಡಿಗರಿಗೆ ಹೊಸದಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೨೩ರಲ್ಲಿ, ಕೆಂಪುನಾರಾಯಣನು ಇದನ್ನು 'ಮುದ್ರಾಮಂಜೂಷ'ವೆಂಬ ಗದ್ಯಕೃತಿಯಾಗಿ ರಚಿಸಿದನು. ಅಂದರೆ ಮೈಸೂರಿನ ಭಂಡಾರದಿಂದ 'ಅರ್ಥಶಾಸ್ತ್ರ'ದ ಸುದ್ದಿ ಹೊರಡುವುದಕ್ಕೆ ಎಂಬತ್ತೆರಡು ವರ್ಷಗಳಷ್ಟು ಹಿಂದೆಯೇ ಮೈಸೂರು ಸೀಮೆಯ ಓದುಗನಿಗೆ ಚಾಣಕ್ಯನ ಚಿತ್ರವೊಂದು ಸಿದ್ಧವಾಗಿತ್ತು. ಶಾಸ್ತ್ರವನ್ನು ಕೈಗೆತ್ತಿಕೊಂಡವನು ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿದರೆ ಆಶ್ಚರ್ಯವೇನು?

ಮೂರನೆಯದು 'ವಡ್ಡಾರಾಧನೆ'. ಹತ್ತೊಂಬತ್ತು ಕಥೆಗಳ ಈ ಪ್ರಾಚೀನ ಗದ್ಯಗ್ರಂಥವನ್ನು ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ ೧೯೪೯ರಲ್ಲಿ ಪ್ರಕಟಿಸಿದರು. ಇದರ ಹೆಸರು, ಕರ್ತೃ, ಕಾಲ ಮೂರೂ ಚರ್ಚೆಗೆ ಒಳಗಾಗಿವೆ. ಸಾಮಾನ್ಯವಾಗಿ ಇದನ್ನು ಶಿವಕೋಟ್ಯಾಚಾರ್ಯನದೆಂದೂ ಹತ್ತನೆಯ ಶತಮಾನದ್ದೆಂದೂ ಹೇಳುವುದುಂಟು. ಉಪಸರ್ಗಗಳನ್ನು ಸಮಚಿತ್ತದಿಂದ ಸಹಿಸಿ ದೇಹತ್ಯಾಗ ಮಾಡಿದ ಮಹಾಪುರುಷರ ಕಥೆಗಳ ನಡುವೆ ಚಾಣಕ್ಯನೂ ಬರುತ್ತಾನೆ. ಇಲ್ಲಿ ಆತನು ಋಷಿ. ಬೆಂಕಿಯ ಉಪಸರ್ಗವನ್ನು ಸಹಿಸಿದವನು.

ಇದನ್ನು ಕಟ್ಟುಕಥೆಯೆಂದು ತಳ್ಳಿಬಿಡುವುದು ಸುಲಭ. ಚರಿತ್ರೆಯೆಂದು ಒಪ್ಪಿಬಿಡುವುದು ಅದಕ್ಕಿಂತಲೂ ಸುಲಭ. ವಿಮರ್ಶಕನು ಎರಡನ್ನೂ ಮಾಡದೆ ಕಥೆಯ ಬಂಧುಬಳಗವನ್ನು ಹುಡುಕುತ್ತಾನೆ. ಪ್ರಾಕೃತದ 'ಭಗವತೀ ಆರಾಧನಾ' ಗ್ರಂಥದ ಗಾಹೆಯೊಂದರಲ್ಲಿ ಇದರ ಬೀಜವಿದೆ. ಕ್ರಿ. ಶ. ೯೩೧-೩೨ರಲ್ಲಿ ಹರಿಷೇಣನು ರಚಿಸಿದ ಸಂಸ್ಕೃತ 'ಬೃಹತ್ಕಥಾಕೋಶ'ದಲ್ಲಿ ಇದೇ ಕಥೆ ಇದೆ. ಆ ಗ್ರಂಥವನ್ನು ೧೯೪೩ರಲ್ಲಿ ಪ್ರಕಟಿಸಿದ ಆ. ನೇ. ಉಪಾಧ್ಯೆಯವರು ಆರಾಧನಾ ಕಥೆಗಳ ಪರಸ್ಪರ ಸಂಬಂಧವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಶ್ವೇತಾಂಬರನಾದ ಹೇಮಚಂದ್ರನು ಹನ್ನೆರಡನೆಯ ಶತಮಾನದಲ್ಲಿ ಬರೆದ 'ಪರಿಶಿಷ್ಟಪರ್ವ'ದಲ್ಲಿಯೂ ಸುಬಂಧುವಿನ ಹಗೆತನವೂ ಬೆಂಕಿಯ ಪ್ರಸಂಗವೂ ಬರುತ್ತವೆ. ಜೈನರ ಎರಡು ಶಾಖೆಗಳೂ ಈ ಕಥೆಯನ್ನು ಉಳಿಸಿಕೊಂಡಿರುವುದರಿಂದ ಇದು ಒಬ್ಬ ಕನ್ನಡ ಕವಿಯ ಕಲ್ಪನೆಯಲ್ಲ, ಬಹು ಹಳೆಯ ಪರಂಪರೆಯೆಂದು ಹೇಳಬಹುದು. ಚಾಣಕ್ಯನು ನಿಜವಾಗಿ ಜೈನಮುನಿಯಾಗಿದ್ದನೆಂದು ಇದರಿಂದ ಸಿದ್ಧವಾಗದು. ಆದರೆ ರಾಜ್ಯತಂತ್ರದ ಮೂರ್ತಿಯೆನಿಸಿದವನನ್ನೂ ಒಂದು ಧರ್ಮಪರಂಪರೆ ತ್ಯಾಗದ ಆದರ್ಶವಾಗಿ ಮಾರ್ಪಡಿಸಿಕೊಂಡಿತೆಂಬುದು ಸಿದ್ಧವಾಗುತ್ತದೆ. ಅದೂ ಚರಿತ್ರೆಯೇ, ಘಟನೆಯ ಚರಿತ್ರೆಯಲ್ಲ, ಭಾವನೆಯ ಚರಿತ್ರೆ.

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು: ಶಾಸ್ತ್ರಕ್ಕೆ ಶಾಸ್ತ್ರದ ಪ್ರಶ್ನೆಯನ್ನು, ನಾಟಕಕ್ಕೆ ನಾಟಕದ ಪ್ರಶ್ನೆಯನ್ನು, ಪುರಾಣಕಥೆಗೆ ಅದರದೇ ಪ್ರಶ್ನೆಯನ್ನು ಕೇಳಿದಲ್ಲಿ ಮೂರೂ ಸತ್ಯವನ್ನೇ ನುಡಿಯುತ್ತವೆ. ಒಂದರ ಪ್ರಶ್ನೆಯನ್ನು ಮತ್ತೊಂದಕ್ಕೆ ಕೇಳಿದಲ್ಲಿ ಮೂರೂ ನಮ್ಮನ್ನು ದಾರಿತಪ್ಪಿಸುತ್ತವೆ. ತಪ್ಪು ಗ್ರಂಥದ್ದಲ್ಲ, ಕೇಳಿದವರದು. ಇದು ಪಂಡಿತರ ಕೋಣೆಯೊಳಗಿನ ವಿವಾದ ಮಾತ್ರವೂ ಅಲ್ಲ. ಪ್ರಾಚೀನರ ರಾಜ್ಯಾದರ್ಶವೆಂದು ಇಂದು ನಾವು ಯಾವುದನ್ನು ಎತ್ತಿಹಿಡಿಯುತ್ತೇವೆ, ಯಾವುದನ್ನು ಹಳಿಯುತ್ತೇವೆ ಎಂಬುದು ಈ ನಿರ್ಣಯಗಳನ್ನೇ ಅವಲಂಬಿಸಿದೆ.

ಅಧ್ಯಾಪಕ ಮಿತ್ರರಲ್ಲಿ ನಮ್ಮ ವಿನಂತಿ ಒಂದುಂಟು. ಪ್ರಾಚೀನ ಗ್ರಂಥವೊಂದನ್ನು ಆಧಾರವಾಗಿ ಹೆಸರಿಸುವಾಗ ವಿದ್ಯಾರ್ಥಿಗಳು ಅದರ ಸಂಪಾದಕರಾರು, ಆಧಾರಪ್ರತಿಗಳಾವುವು, ಪ್ರಕೃತ ವಾಕ್ಯಕ್ಕೆ ಪಾಠಭೇದವುಂಟೇ ಎಂಬ ಮೂರು ಸಂಗತಿಗಳನ್ನು ನೋಡಿಕೊಂಡು ಬರೆಯುವ ಅಭ್ಯಾಸವನ್ನು ಬೆಳೆಸಿಕೊಳ್ಳಲಿ. ಸಾಧ್ಯವಾದಲ್ಲಿ ಒಂದೇ ಅಧ್ಯಾಯವನ್ನು ಎರಡು ಸಂಪಾದನೆಗಳಲ್ಲಿ ಜೊತೆಗಿಟ್ಟು ಓದಿಸುವುದು ಲೇಸು. ಮಠಗಳಲ್ಲಿಯೂ ಬಸದಿಗಳಲ್ಲಿಯೂ ಹಳೆಯ ಮನೆಗಳ ಅಟ್ಟಗಳಲ್ಲಿಯೂ ಓಲೆಯ ಕಟ್ಟುಗಳು ಇನ್ನೂ ಇವೆ. ಅವು ದೊರೆತ ದಿನ ಅವುಗಳನ್ನು ಓದಿ ತೂಗಬಲ್ಲವರು ಇರಬೇಕಾದರೆ, ಆ ತೂಗುವ ವಿದ್ಯೆಯನ್ನು ಅಚ್ಚಾಗಿರುವ ಗ್ರಂಥಗಳ ಮೇಲೆ ಇಂದೇ ಕಲಿತಿರಬೇಕು.