ಪೊಲೀಸ್ರು ಎಂತಕ್ಕೆ ಬಂದಿದ್ರು?

ಕಳೆದ ಮಳೆಗಾಲದಲ್ಲಿ ನಮ್ಮನೆ ಅಂಗಳಕ್ಕೆ ಪೊಲೀಸ್ ಜೀಪು ಬಂದ ಸುದ್ದಿ ಹೊನ್ನಾವರದಿಂದ ಕುಮಟೆವರೆಗೆ ಎಲ್ಲ ನೆಂಟರಿಗೂ ಮುಟ್ಟಿದೆ. ತೋಟದ ಬೇಲಿ ತಕರಾರು ಅಂತ ಕೆಲವರು, ಸೊಸೆ ದೂರು ಕೊಟ್ಟಳಂತೆ ಅಂತ ಕೆಲವರು. ಅದಕ್ಕೇ ಈ ಸಲ ಅಪ್ಪೆಹುಳಿ ಬಿಟ್ಟು ಇದನ್ನೇ ಬರೀತಾ ಇದ್ದೆ.

ಆದದ್ದು ಇಷ್ಟೇ. ಮೂರು ವರ್ಷದ ಮೊಮ್ಮಗ ಸೊಸೆಯ ಮೊಬೈಲಿನ ಬದಿಯ ಗುಂಡಿಯನ್ನು ಟಕಟಕ ಒತ್ತಿದ. 112ಕ್ಕೆ ಕರೆ ಹೋಯ್ತು. ಆಚೆಯಿಂದ ದನಿ ಕೇಳಿದ್ದೇ ಸೊಸೆ ಹೆದರಿ ಕಟ್ ಮಾಡಿದಳು. ಅವರೇ ತಿರುಗಿ ಫೋನ್ ಮಾಡಿದರು. ಎತ್ತಲಿಲ್ಲ. ಸಂಜೆ ಆಸ್ರಿ ಕುಡಿಯುವ ಹೊತ್ತಿಗೆ ಜೀಪು ದಣಪೆ ಹತ್ರ ನಿಂತಿತ್ತು. ಜೊತೆಗೆ ಬಂದ ಮಹಿಳಾ ಪೊಲೀಸು, "ಅಮ್ಮಾ, ನೀವು ಒಂಚೂರು ಹೊರಗಿರಿ" ಅಂತ ಹೇಳಿ, ಸೊಸೆಯೊಬ್ಬಳನ್ನೇ ಅಡುಗೆಮನೆಯಲ್ಲಿ ಕೂರಿಸಿಕೊಂಡು ಮಾತಾಡಿಸಿದಳು. ನನಗೆ ಮೈಯೆಲ್ಲ ಉರಿದುಹೋಯ್ತು. ನಮ್ಮನೆ ಸೊಸೆಗೆ ನಾವೆಂತ ಮಾಡಿದ್ದು ಅಂತ!

ನಮ್ಮ ಜಿಲ್ಲೆಯವರಿಗೆ ಖಾಕಿ ಕಂಡರೆ ಎದೆ ಹೊಡೆದುಕೊಳ್ಳುವುದು ಇವತ್ತಿನದ್ದಲ್ಲ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯ್ತು. ಆಮೇಲೆ ಅಂಕೋಲೆ, ಸಿದ್ದಾಪುರದ ಕಡೆ ಕರನಿರಾಕರಣೆ. ತೀರ್ವೆ ಕಟ್ಟದವರ ಮನೆಗೆ ಪೊಲೀಸರನ್ನು ಕರಕೊಂಡೇ ಬಂದು ಜಪ್ತಿ ಮಾಡಿದರು. ಮಾವಿನಗುಂಡಿಯಲ್ಲಿ ಜಪ್ತಿಯಾದ ಸ್ವತ್ತು ಕೊಂಡವರ ಮನೆ ಮುಂದೆ ನಮ್ಮಂಥ ಹೆಂಗಸರೇ ಉಪವಾಸ ಕೂತಿದ್ದರು. 1993ರಲ್ಲಿ ಭಟ್ಕಳದ ಗಲಾಟೆ ಕಾಲದ ಕರ್ಫ್ಯೂ ನಮಗೇ ನೆನಪಿದೆ. ಒಟ್ಟಿನಲ್ಲಿ ಪೊಲೀಸರು ಬಂದರು ಅಂದ್ರೆ ಸರ್ಕಾರದ ಕೆಲಸಕ್ಕೇ. ಹೆಂಗಸೊಬ್ಬಳು ಕರೆದಳು, ಬಂದರು ಅಂತ ಇರಲಿಲ್ಲ. ಕರೆಯುವುದಾದರೂ ಹೇಗೆ? ಊರಿಗೊಂದು ಫೋನು, ಅದೂ ಪೋಸ್ಟಾಫೀಸಿನಲ್ಲಿ. ಮನೆಯೊಳಗೆ ಪೆಟ್ಟು ತಿಂದವಳು ಅಲ್ಲಿಗೆ ಹೋಗಿ ಎಲ್ಲರೆದುರು ಮಾತಾಡುವುದು ಉಂಟಾ?

ಈ ತುರ್ತು ನಂಬರಿನ ಹುಟ್ಟಿನಲ್ಲೂ ಹೆಂಗಸರ ಸಾವೇ ಇದೆ. 1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ರಸ್ತೆಯ ಒಂದು ಮನೆಗೆ ಬೆಂಕಿ ಬಿದ್ದು ಐದು ಹೆಂಗಸರು ಸತ್ತರು. ಎದುರುಮನೆಯವರು ಫೋನ್ ಮಾಡಿದರೂ ಎಕ್ಸ್‌ಚೇಂಜಿನಲ್ಲಿ ಸರದಿ ಕಾಯಬೇಕಾಯ್ತು. ಅದರ ಗಲಾಟೆ ಎದ್ದು, 1937ರ ಜೂನ್ 30ರಂದು 999 ಶುರುವಾಯ್ತು. 111 ಯಾಕೆ ಇಡಲಿಲ್ಲ ಅಂದ್ರೆ, ಗಾಳಿಗೆ ತಂತಿಗೆ ತಂತಿ ತಾಗಿದರೂ ಒಂದು ಒತ್ತಿದ ಹಾಗೇ ಆಗಿ ಸುಳ್ಳು ಕರೆ ಹೋಗುತ್ತಿತ್ತು. ನಮ್ಮೂರ ಮಳೆಗಾಲದಲ್ಲಿ ತೆಂಗಿನ ಹೆಡೆ ತಂತಿ ಮೇಲೆ ಬೀಳುವುದನ್ನು ನೆನೆಸಿಕೊಳ್ಳಿ! ನಂಬರ್ ಹುಟ್ಟುವ ಮೊದಲೇ ತಪ್ಪಿ ಹೋಗುವ ಕರೆಯ ಚಿಂತೆ ಇತ್ತು.

ಅಮೆರಿಕದಲ್ಲಿ 1968ರಿಂದ 911. ನಮ್ಮ ದೇಶದ ಕೋಡು 91. ಅಲ್ಲಿರುವ ನನ್ನ ತಂಗಿಯ ಮಗಳು ಊರಿಗೆ ಫೋನ್ ಮಾಡಲು ಹೋಗಿ ಮೊದಲಿಗೇ 91 ಒತ್ತಿದಳು, ಆ ಒಂದು ಎರಡು ಸಲ ಬಿತ್ತು. ಗಾಬರಿಯಾಗಿ ಇಟ್ಟಳು. ರಾತ್ರಿ ಅವಳ ಬಾಗಿಲಿಗೂ ಪೊಲೀಸರು.

ನಮ್ಮಲ್ಲಿ ಮೊದಲು ಪೊಲೀಸರಿಗೆ 100, ಬೆಂಕಿಗೆ 101. ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ಆಂಬುಲೆನ್ಸಿಗೆ 108. 2012ರ ಡಿಸೆಂಬರಿನಲ್ಲಿ ದಿಲ್ಲಿಯ ಬಸ್ಸಿನಲ್ಲಿ ಆ ಹುಡುಗಿಗೆ ಆದದ್ದನ್ನು ಯಾರೂ ಮರೆತಿಲ್ಲ. ಮರುವರ್ಷ ನಿರ್ಭಯಾ ನಿಧಿ ಬಂತು. 2017ರ ಜನವರಿಯಿಂದ ಮಾರುವ ಪ್ರತಿ ಮೊಬೈಲಿನಲ್ಲೂ ಆಪತ್ತಿನ ಗುಂಡಿ ಇರಬೇಕು ಅಂತ 2016ರಲ್ಲಿ ನಿಯಮ ಆಯ್ತು. ಸಾದಾ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು, ದೊಡ್ಡ ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತುವುದು. 2018ರ ನವೆಂಬರಿನಲ್ಲಿ ಹಿಮಾಚಲದಲ್ಲಿ ಮೊದಲು, ಆಮೇಲೆ ಒಂದೊಂದೇ ರಾಜ್ಯದಲ್ಲಿ 112 ಬಂತು. ನನ್ನ ಮೊಮ್ಮಗ ಆಟಕ್ಕೆ ಒತ್ತಿದ್ದು ಅಂಥ ಗುಂಡಿಯನ್ನು.

ಇದನ್ನೆಲ್ಲ ತಿಳಿದ ಮೇಲೆ ನನ್ನ ಸಿಟ್ಟು ಇಳಿಯಿತು. ಫೋನು ಕಟ್ಟಾದರೆ ಅವರಿಗೆ ಎಂತ ಗೊತ್ತಾಗುತ್ತದೆ? ಮಗು ಆಡಿದ್ದೋ, ಯಾರೋ ಕೈಯಿಂದ ಕಸಿದುಕೊಂಡಿದ್ದೋ, ಎರಡೂ ಕೇಳಲಿಕ್ಕೆ ಒಂದೇ. ಅತ್ತೆ ಎದುರಿಗೆ ನಿಂತಿದ್ದರೆ ಯಾವ ಸೊಸೆ "ನಂಗೆ ತೊಂದ್ರೆ ಇದ್ದು" ಹೇಳ್ತಾಳೆ? ಆ ಪೊಲೀಸು ನನ್ನನ್ನು ಹೊರಗೆ ಕಳಿಸಿದ್ದೇ ಸರಿ.

ಹಾಗಾಗಿ ತಪ್ಪಿ ಕರೆ ಹೋದರೆ ಕಟ್ ಮಾಡಬೇಡಿ. ತಪ್ಪಾಯ್ತು, ಎಂತೂ ತೊಂದ್ರೆ ಇಲ್ಲೆ ಅಂತ ಹೇಳಿ, ಹೆಸರು, ಊರು ಹೇಳಿ. ತಿರುಗಿ ಮಾಡಿದರೆ ಎತ್ತಿ. ಅವರು ಇಲ್ಲಿ ಬಂದು ಹೋಗುವ ಹೊತ್ತಿಗೆ ಮತ್ತೊಂದು ಮನೆಯಲ್ಲಿ ನಿಜವಾಗಿ ಕಾಯುವವಳು ಇರ್ತಾಳೆ.

ಜೀಪು ಬಂದುಹೋದ ನಾಲ್ಕನೇ ದಿನ ಒಬ್ಬಳು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಯಾರು ಅಂತ ಕೇಳಬೇಡಿ. ಅವಳ ಮನೆಯಲ್ಲಿ ಎರಡು ಎಮ್ಮೆ ಕರೆಯುತ್ತವೆ, ಹೆಪ್ಪಿಗೆ ಬರ ಇಲ್ಲ. ಲೋಟ ಹಿಡಿದು ಸುಮಾರು ಹೊತ್ತು ನಿಂತವಳು, ಮೆಲ್ಲಗೆ ಕೇಳಿದಳು.

"ಅಕ್ಕಾ, ಮಾತಾಡ್ದೇ ಇದ್ರೂ ಅವ್ರು ಬತ್ರಾ?"

"ಬತ್ರು" ಅಂದೆ. ಮೂರು ಸಲ ಒತ್ತುವುದು ಹೇಗೆ ಅಂತ ಅವಳ ಫೋನಿನಲ್ಲೇ ತೋರಿಸಿಕೊಟ್ಟೆ, ಒತ್ತದೇ.