ಎಡವೋ, ಬಲವೋ? 1989ರ ಕೆಗ್‌ವರ್ತ್ ವಿಮಾನ ದುರಂತ

ಪಂಪ್‌ಸೆಟ್ ಮೋಟಾರಿನಿಂದ ಸುಟ್ಟ ವಾಸನೆ ಬಂದರೆ ನಾವು ಮೊದಲು ಓಡುವುದು ಸ್ಟಾರ್ಟರಿನ ಕೆಂಪು ಬಟನ್ ಕಡೆಗೆ. ವಿಮಾನದಲ್ಲೂ ಅಂಥದ್ದೇ ವ್ಯವಸ್ಥೆ. ಒಂದೊಂದು ಎಂಜಿನ್ನಿಗೂ ಇಂಧನ ನಿಲ್ಲಿಸುವ ಬೇರೆ ಬೇರೆ ಲಿವರ್ ಇದೆ. ಲಿವರ್ ಎಳೆಯುವುದು ಕಷ್ಟವಲ್ಲ, ಯಾವುದನ್ನು ಎಳೆಯಬೇಕು ಎಂಬುದು ಕಷ್ಟ.

1989ರ ಜನವರಿ 8ರ ರಾತ್ರಿ ಬ್ರಿಟಿಷ್ ಮಿಡ್‌ಲ್ಯಾಂಡ್ ಕಂಪನಿಯ ಬೋಯಿಂಗ್ 737-400 ಲಂಡನ್ನಿನಿಂದ ಬೆಲ್‌ಫಾಸ್ಟ್‌ಗೆ ಹೊರಟಿತ್ತು. ಒಳಗೆ 126 ಜನ. 28 ಸಾವಿರ ಅಡಿ ದಾಟಿದಾಗ ಎಡ ಎಂಜಿನ್ನಿನ ಫ್ಯಾನಿನ ಒಂದು ರೆಕ್ಕೆ ಮುರಿಯಿತು. ವಿಮಾನವೆಲ್ಲ ನಡುಗಿತು, ಹೊಗೆ ವಾಸನೆ ಬಂತು. ಯಾವ ಎಂಜಿನ್ ಎಂದು ಕ್ಯಾಪ್ಟನ್ ಕೇಳಿದರು. ಸಹ ಪೈಲಟ್ ‘ಎಡ’ ಎನ್ನಲು ಹೋಗಿ, ತಿದ್ದಿಕೊಂಡು ‘ಬಲ’ ಎಂದರು.

ಕ್ಯಾಪ್ಟನ್‌ಗೂ ಅದು ಸರಿಯೆನಿಸಿತು. ಹಳೆಯ 737ರ ಅನುಭವದಿಂದ, ಪ್ರಯಾಣಿಕರ ಕಡೆಗೆ ಗಾಳಿ ಬರುವುದು ಬಲ ಎಂಜಿನ್ನಿನಿಂದ ಎಂದು ಅವರು ತಿಳಿದಿದ್ದರು. ಎಡ ಎಂಜಿನ್ನಿನ ನಡುಕ ತೋರಿಸುವ ಮೀಟರ್ ಎದುರಿಗೇ ಇತ್ತು, ಆದರೆ ತೀರಾ ಚಿಕ್ಕದು. ಬಲ ಎಂಜಿನ್ ನಿಲ್ಲಿಸಿದರು. ಅದೇ ಹೊತ್ತಿಗೆ ಎಡ ಎಂಜಿನ್ನಿನ ವೇಗವೂ ತಗ್ಗಿದ್ದರಿಂದ ನಡುಕ, ಹೊಗೆ ಎರಡೂ ಕಡಿಮೆಯಾದವು. ಸರಿಯಾದದ್ದನ್ನೇ ನಿಲ್ಲಿಸಿದ್ದೇವೆ ಎಂದು ಇಬ್ಬರೂ ನಂಬಿದರು.

ನನ್ನನ್ನು ಕಾಡುವುದು ಇದರ ಮುಂದಿನ ಸಂಗತಿ. ಬಲ ಎಂಜಿನ್ನಿಗೆ ತೊಂದರೆಯಾಗಿದೆ, ನಿಲ್ಲಿಸಿದ್ದೇವೆ ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳಿದರು. ಎಡಗಡೆ ಬೆಂಕಿ ಕಂಡಿದ್ದ ಪ್ರಯಾಣಿಕರು ಅದನ್ನು ಕೇಳಿಸಿಕೊಂಡರು. ಸಿಬ್ಬಂದಿಯಲ್ಲೂ ಮೂವರು ಬೆಂಕಿ ನೋಡಿದ್ದರು. ಒಬ್ಬರೂ ಪೈಲಟ್‌ಗಳಿಗೆ ಹೇಳಲಿಲ್ಲ. ನಮ್ಮ ಬಸ್ಸಿನಲ್ಲಾಗಿದ್ದರೆ ಹಿಂದಿನ ಸೀಟಿನಿಂದಲೇ ಕೂಗುತ್ತಿದ್ದೆವು. ಆದರೆ ಡಾಕ್ಟರ್ ಮುಂದೆ, ತಾಲೂಕು ಕಚೇರಿಯ ಸಾಹೇಬರ ಮುಂದೆ? ‘ಅವರಿಗೆ ಗೊತ್ತಿರುತ್ತದೆ ಬಿಡು’ ಎಂದು ನಾವೂ ಸುಮ್ಮನಾಗುತ್ತೇವೆ.

ಈಸ್ಟ್ ಮಿಡ್‌ಲ್ಯಾಂಡ್ಸ್ ನಿಲ್ದಾಣದ ರನ್‌ವೇ ಸುಮಾರು 4 ಕಿಲೋಮೀಟರ್ ದೂರವಿದ್ದಾಗ ಎಡ ಎಂಜಿನ್ ಕೈಕೊಟ್ಟಿತು. ಚೆನ್ನಾಗಿದ್ದ ಬಲ ಎಂಜಿನ್ ಮತ್ತೆ ಚಾಲೂ ಮಾಡಲು ಸಮಯ ಸಾಲಲಿಲ್ಲ. ಕೆಗ್‌ವರ್ತ್ ಹಳ್ಳಿಯ ಬಳಿ ಎಂ1 ಹೆದ್ದಾರಿಯ ಏರಿಗೆ ವಿಮಾನ ಅಪ್ಪಳಿಸಿತು. 47 ಜನ ಸತ್ತರು. ರಸ್ತೆಯ ಮೇಲಿನ ಯಾವ ವಾಹನಕ್ಕೂ ತಾಗದೇ ಹೋಗಿದ್ದೊಂದು ಪುಣ್ಯ.

ವಿಮಾನ ನಿಂತ ಮೇಲೆ ಎರಡೂ ಎಂಜಿನ್ನುಗಳ ಇಂಧನ ಕತ್ತರಿಸಿ, ಆಮೇಲೆ ಜನರನ್ನು ಇಳಿಸಬೇಕೆಂಬುದು ನಿಯಮ. ಇಲ್ಲಿ ಇಳಿಯುವ ಸ್ಥಿತಿಯಲ್ಲಿ ಹೆಚ್ಚಿನವರು ಇರಲಿಲ್ಲ. ಸೀಟುಗಳು ನೆಲದಿಂದ ಕಿತ್ತು ಬಂದು ಕಾಲು ಸಿಕ್ಕಿಕೊಂಡಿದ್ದವು. ಅಪಘಾತದ ವೇಳೆ ಹೇಗೆ ಬಾಗಿ ಕೂರಬೇಕೆಂಬ ಸೂಚನೆಯನ್ನು ಇದಾದ ಮೇಲೆ ಸಂಶೋಧನೆ ಮಾಡಿ ಬದಲಿಸಿದರು.

ಈಗ ಎಂಜಿನ್ ನಿಲ್ಲಿಸುವ ಮುನ್ನ ಒಬ್ಬ ಪೈಲಟ್ ಲಿವರ್ ಮೇಲೆ ಕೈಯಿಟ್ಟು ಯಾವುದೆಂದು ಹೇಳುತ್ತಾರೆ, ಇನ್ನೊಬ್ಬರು ನೋಡಿ ಹೌದೆಂದ ಮೇಲೆಯೇ ಎಳೆಯುತ್ತಾರೆ. ಕಂಡದ್ದನ್ನು ಪೈಲಟ್‌ಗೆ ಹೇಳುವುದೂ ಸಿಬ್ಬಂದಿಯ ತರಬೇತಿಯಲ್ಲಿದೆ.

ಆ ಇಬ್ಬರು ಪೈಲಟ್‌ಗಳೂ ಬದುಕಿದರು. ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಹೊಸ 400 ಮಾದರಿಯ ಸಿಮ್ಯುಲೇಟರ್‌ನಲ್ಲಿ ಅವರಿಗೆ ತರಬೇತಿಯನ್ನೇ ಕೊಟ್ಟಿರಲಿಲ್ಲ.