ಅವ್ವನ ಒಲೆ, ನನ್ನ ಮೀಟರು

ಪ್ರತಿ ತಿಂಗಳೂ ಮೀಟರ್ ನೋಡುವ ಹುಡುಗ ಅರಸೀಕೆರೆಯ ನಮ್ಮ ಮನೆಯ ಜಗಲಿಗೆ ಬಂದು ಚೀಟಿ ಹರಿದು ಕೊಟ್ಟು ಹೋಗುತ್ತಾನೆ. 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಯೋಜನೆಯ ಮೊದಲ ಬಿಲ್ಲು ಬಂದಾಗ ಅದರ ಕೊನೆಯಲ್ಲಿ ಸೊನ್ನೆ ಇತ್ತು. ಸುಳ್ಳೇಕೆ ಹೇಳಲಿ, ಸಂತೋಷವೇ ಆಯಿತು. ಅದೇ ಸಂಜೆ ನಾನು ಹಜಾರದ ದೀಪ, ಫ್ಯಾನು ಆರಿಸಿ ಅಡುಗೆಮನೆಗೆ ಹೋಗುವುದನ್ನು ಕಂಡ ಪಕ್ಕದ ಮನೆಯಾಕೆ, "ಇನ್ನೂ ಯಾಕೆ ಟೀಚರ್ ಈ ಜಿಪುಣತನ? ದುಡ್ಡು ಕೊಡೋ ಹಾಗೇ ಇಲ್ವಲ್ಲ" ಎಂದು ನಕ್ಕರು. ನಾನೂ ನಕ್ಕೆ. ಮೂವತ್ತು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿದ ನನಗೆ ಆ ಕ್ಷಣಕ್ಕೆ ಒಂದು ನೆಟ್ಟಗಿನ ಉತ್ತರ ಹೊಳೆಯಲಿಲ್ಲ. ಉತ್ತರ ಹುಡುಕುತ್ತ ಹೊರಟವಳು ಹೋಗಿ ನಿಂತದ್ದು ಅವ್ವನ ಅಡುಗೆಮನೆಯಲ್ಲಿ.

ಹಳೇಬೀಡಿನ ಸಮೀಪದ ಒಂದು ಹಳ್ಳಿ ನನ್ನ ತವರು. ನಮ್ಮ ಕಡೆ ಹೊಯ್ಸಳರ ಕಾಲದ ಗುಡಿಗಳಿಗೇನು ಬರವೇ? ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ನಾನು ಶಿಲ್ಪಗಳ ಜೊತೆಗೆ ಶಾಸನಗಳ ವಿಷಯವನ್ನೂ ಹೇಳುತ್ತಿದ್ದೆ. ದೇವರ ನಂದಾದೀಪಕ್ಕೆಂದು ದತ್ತಿ ಬಿಟ್ಟದ್ದು, ಗಾಣದ ಎಣ್ಣೆಯಲ್ಲಿ ಇಷ್ಟು ಪಾಲು ಎಂದು ನಿಗದಿ ಮಾಡಿದ್ದು ಆ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ದೀಪ ಉರಿಯಬೇಕಾದರೆ ಎಣ್ಣೆ ಎಲ್ಲಿಂದ ಬರಬೇಕು, ಯಾರು ಕೊಡಬೇಕು ಎಂಬ ಲೆಕ್ಕವನ್ನು ಕಲ್ಲಿನಲ್ಲಿ ಬರೆದಿಟ್ಟ ಜನ ಅವರು. ಆದರೆ ಮನೆಯ ಒಲೆಯ ಲೆಕ್ಕವನ್ನು ಯಾವ ಕಲ್ಲಿನಲ್ಲೂ ಬರೆದಿಲ್ಲ. ಅದು ಹೆಂಗಸರ ತಲೆಯಲ್ಲೇ ಇತ್ತು. ತಲೆಯ ಮೇಲೂ ಇತ್ತು, ಸೌದೆ ಹೊರೆಯಾಗಿ.

ನನ್ನ ಬಾಲ್ಯದಲ್ಲಿ, ಎಂದರೆ 1970ರ ದಶಕದ ಕೊನೆಯಲ್ಲಿ, ನಮ್ಮೂರಿನಲ್ಲಿ ಸೌದೆ ಸುಲಭವಾಗಿ ಸಿಗುತ್ತಿರಲಿಲ್ಲ. ತೊಗರಿಕಡ್ಡಿ, ಮೆಣಸಿನ ಗಿಡದ ಒಣಕಡ್ಡಿ, ಬೆರಣಿ, ಬೇಲಿಯ ಪುಳ್ಳೆ, ಇವೇ ಆಧಾರ. ಅವ್ವ ಶಾಲೆಗೆ ಹೋದವಳಲ್ಲ. ಆದರೂ ಉರುವಲು ಉಳಿಸುವ ವಿದ್ಯೆಯಲ್ಲಿ ಅವಳು ಪಂಡಿತೆ. ಹುರುಳಿ, ಅವರೆ ರಾತ್ರಿಯೇ ನೆನೆಯಬೇಕು. ಮುಚ್ಚಳವಿಲ್ಲದೆ ಒಂದು ಪಾತ್ರೆಯೂ ಒಲೆ ಏರುವಂತಿಲ್ಲ. ಮುದ್ದೆಯ ಎಸರು ಮುಂದಿನ ಒಲೆಯಲ್ಲಿದ್ದರೆ ಸಾರು ಪಕ್ಕದ ಕೋಡೊಲೆಯಲ್ಲಿ ತಾನಾಗಿ ಕುದಿಯಬೇಕು. ಅಡುಗೆ ಮುಗಿದ ಮೇಲೆ ಉಳಿದ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆ ಬೆಂಕಿಕಡ್ಡಿಯ ಖರ್ಚಿಲ್ಲ. ಕಾಳು ಬಸಿದ ಕಟ್ಟೇ ಬಸ್ಸಾರು. ಇಂದು ಇಂಧನ ಉಳಿತಾಯದ ಕರಪತ್ರಗಳಲ್ಲಿ ಅಚ್ಚು ಹಾಕುವ ಮಾತುಗಳಲ್ಲಿ ಅರ್ಧ ಅವ್ವನಿಗೆ ಗೊತ್ತಿದ್ದವೇ.

ಹೈಸ್ಕೂಲಿಗೆ ನಾನು ಬೇಲೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅದು ಮಲೆನಾಡಿನ ಅಂಚು; ಕಾಫಿ ಗಿಡದ ಬೊಡ್ಡೆ, ಸಿಲ್ವರ್ ಓಕ್ ಮರದ ಕೊಂಬೆ ದುಡ್ಡಿಗೆ ಸಿಗುತ್ತಿದ್ದವು. ಅತ್ತೆಯ ಮನೆಯಲ್ಲಿ ಮರದ ಹೊಟ್ಟಿನ ಒಲೆಯೂ ಇತ್ತು. ತಗಡಿನ ಡಬ್ಬದ ನಡುವೆ ಒನಕೆಯಂಥ ಕೋಲು ನಿಲ್ಲಿಸಿ ಸುತ್ತ ಹೊಟ್ಟು ಗಿಡಿದು, ಕೋಲು ಎಳೆದು, ಕೆಳಗಿನಿಂದ ಬೆಂಕಿ ಕೊಡುವುದು. ಗಂಟೆಗಟ್ಟಲೆ ಒಂದೇ ಸಮನೆ ಉರಿಯುತ್ತಿತ್ತು. ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ ಎಲ್ಲ ತೆಂಗಿನಮಯ. ಗರಿ, ಮಟ್ಟೆ, ಕರಟ ಬಚ್ಚಲ ಹಂಡೆಯ ಒಲೆಗೆ. ಮೀಟರ್ ಗೇಜ್ ರೈಲಿನ ಉಗಿ ಎಂಜಿನ್ನುಗಳಿದ್ದ ಕಾಲದಲ್ಲಿ ಹಳಿಯ ಪಕ್ಕ ಬಿದ್ದ ಅರೆಬೆಂದ ಕಲ್ಲಿದ್ದಲನ್ನು ಆರಿಸಿ ತಂದು ಒಲೆ ಉರಿಸುತ್ತಿದ್ದ ಹೆಂಗಸರ ಕಥೆಯನ್ನು ನಮ್ಮತ್ತೆ ಹೇಳುತ್ತಿದ್ದರು.

ಮೂರೂರಿನ ಮೂರು ಬಗೆಯ ಉರುವಲು. ಆದರೆ ಒಲೆಯ ಮುಂದೆ ಕೂತು ಊದುಕೊಳವೆ ಊದುವವರು ಎಲ್ಲ ಕಡೆಯೂ ನಾವೇ. ಆ ಒಲೆಗಳಲ್ಲಿ ಉರಿದ ಸೌದೆಯ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ಮುಟ್ಟಿದರೆ ಹೆಚ್ಚು. ಉಳಿದದ್ದು ಗೋಡೆಗೆ, ಗಾಳಿಗೆ. ಹೊಗೆ ಮಾತ್ರ ಅವ್ವನ ಎದೆಗೆ.

ಈ ಒಲೆಯನ್ನು ವಿಜ್ಞಾನಿಗಳು ತಿರುಗಿ ನೋಡಿದ್ದು ನಮ್ಮ ರಾಜ್ಯದಲ್ಲೇ ಎಂಬುದು ನನಗೆ ಹೆಮ್ಮೆಯ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ವಿಜ್ಞಾನವನ್ನು ಹಳ್ಳಿಗೆ ಒದಗಿಸುವುದು ಅದರ ಉದ್ದೇಶ. ಅವರು ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿದರು. ಹಳ್ಳಿಯ ಶಕ್ತಿಯ ಬಹುದೊಡ್ಡ ಪಾಲು ಸೌದೆ, ಅದು ಹೋಗುವುದು ಅಡುಗೆಗೆ ಮತ್ತು ಸ್ನಾನದ ನೀರಿಗೆ ಎಂದು ಗೊತ್ತಾಯಿತು. ನೀರು ಹೊರುವುದು, ಪುಳ್ಳೆ ಆಯುವುದು, ಅಡುಗೆ ಮಾಡುವುದು, ಇವುಗಳಿಗೆ ಹಿಡಿಯುವ ಹೊತ್ತನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಅವ್ವನ ದುಡಿಮೆ ಒಂದು ಲೆಕ್ಕದ ಪುಸ್ತಕಕ್ಕೆ ಏರಿದ್ದು ಬಹುಶಃ ಅದೇ ಮೊದಲು.

ಅಲ್ಲಿಂದ ಬಂದದ್ದು 1980ರ ದಶಕದ ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ. ಕೆಳಗೆ ಕಬ್ಬಿಣದ ಜಾಲರಿ, ಗಾಳಿಗೆ ದಾರಿ, ಹೊಗೆಗೆ ಕೊಳವೆ. ಅಳತೆಯಂತೆ ಕಟ್ಟಿದರೆ ಶಾಖದಲ್ಲಿ ನೂರಕ್ಕೆ ನಲವತ್ತರಷ್ಟು ಪಾತ್ರೆಗೇ ಸಿಗುವಂತೆ ಪ್ರಯೋಗಶಾಲೆಯಲ್ಲಿ ಸಾಧಿಸಿದ್ದರು. 'ಅಳತೆಯಂತೆ ಕಟ್ಟಿದರೆ' ಎಂಬ ಮಾತಿನಲ್ಲೇ ಎಲ್ಲ ಇತ್ತು. ನಮ್ಮ ಮನೆಗೆ ಬಂದ ಗಾರೆ ಕೆಲಸದವನು ಅಳತೆಗೋಲನ್ನೇ ತಂದಿರಲಿಲ್ಲ. ಕಣ್ಣಳತೆಯಲ್ಲಿ ಕಟ್ಟಿ ಹೋದ. ಹೊಗೆ ಕೊಳವೆ ಹತ್ತದೆ ಬಾಯಿಂದಲೇ ಹೊರಟಿತು. ಮುದ್ದೆ ತೊಳಸಲು ಅವ್ವ ಕೋಲು ಹಾಕಿ ಒತ್ತಿದರೆ ಒಲೆಯ ಅಂಚು ಉದುರಿತು. ಒಂದೇ ತಿಂಗಳಲ್ಲಿ ಅವ್ವ ಹಾರೆ ತೆಗೆದುಕೊಂಡು ಅದನ್ನು ಕಿತ್ತುಹಾಕಿದಳು. "ಓದಿದೋರ ಒಲೆ ಓದಿದೋರ ಮನೇಗೇ ಇರ್ಲಿ" ಎಂದಳು.

ಎರಡು ವರ್ಷದ ಮೇಲೆ, ತರಬೇತಿ ಪಡೆದು ಬಂದಿದ್ದ ಇನ್ನೊಬ್ಬಾತ ನಮ್ಮೂರಿಗೆ ಬಂದ. ಅವನು ಮೊದಲು ಅವ್ವನ ಮುದ್ದೆ ಪಾತ್ರೆಯನ್ನು ಕೇಳಿ ಪಡೆದು, ಅದರ ಸುತ್ತಳತೆಗೆ ಒಲೆಯ ಬಾಯಿ ಕಟ್ಟಿದ. ಈ ಸಲ ಸೌದೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಪ್ಪ ಹಿತ್ತಿಲ ಸೌದೆ ಒಟ್ಟಲನ್ನು ಊರವರಿಗೆಲ್ಲ ತೋರಿಸಿ ಹಿಗ್ಗಿದರು. ಅವ್ವ ಸೌದೆಯ ಮಾತೇ ಆಡಲಿಲ್ಲ. "ಈಗ ಸಾರಿನ ಬಣ್ಣ ಕಾಣ್ತದೆ ಕಣೆ" ಎಂದಳು ನನ್ನ ಹತ್ತಿರ. ಅಲ್ಲಿಯವರೆಗೆ ಅವಳು ಸಾರಿನ ಹದವನ್ನು ವಾಸನೆಯಲ್ಲೇ ತಿಳಿಯುತ್ತಿದ್ದಳು ಎಂಬುದು ನನಗೆ ಆಗಲೇ ಗೊತ್ತಾದದ್ದು.

ಆದರೆ ತಡವಾಗಿತ್ತು. ಮುಂದೆ ತಮ್ಮ ಮನೆಗೆ ಗ್ಯಾಸ್ ತಂದ. ಅವ್ವ ಅದನ್ನು ನೆಂಟರು ಬಂದಾಗ ಕಾಫಿಗೆ ಮಾತ್ರ ಹಚ್ಚುತ್ತಿದ್ದಳು, ಗ್ಯಾಸ್ ಉಳಿಯಬೇಕಲ್ಲ! ಬಚ್ಚಲ ಒಲೆಯಂತೂ ಕೊನೆಯವರೆಗೂ ಹೊಗೆಯದ್ದೇ. ಉಸಿರಾಟದ ತೊಂದರೆ ಹೆಚ್ಚಾಗಿ ಹಾಸನಕ್ಕೆ ಕರೆದುಕೊಂಡು ಹೋದಾಗ ಎದೆಯ ಚಿತ್ರ ನೋಡಿದ ಡಾಕ್ಟರು, "ಇವರು ಬೀಡಿ ಸೇದ್ತಾರಾ?" ಎಂದು ಕೇಳಿದರು. ಬಾಯಲ್ಲಿ ಎಲೆಅಡಿಕೆ ಬಿಟ್ಟು ಬೇರೇನನ್ನೂ ಮುಟ್ಟದ ಅವ್ವ ಆ ಪ್ರಶ್ನೆಗೆ ನಾಚಿ ತಲೆ ತಗ್ಗಿಸಿದಳು. ನಾನೇ ಹೇಳಿದೆ, "ಇಲ್ಲ ಸಾರ್, ನಲವತ್ತು ವರ್ಷ ಒಲೆ ಊದಿದ್ದಾರೆ." ಆ ಬೇಸಿಗೆ ದಾಟುವ ಮುಂಚೆ ಅವಳು ಹೋದಳು.

ಆ ದಿನದಿಂದ ಉಳಿತಾಯ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಬರುತ್ತದೆ: ಉಳಿದದ್ದು ಯಾರ ಮೈಯಿಂದ?

ಕರೆಂಟಿನ ಚರಿತ್ರೆಯಲ್ಲೂ ಇದೇ ಪ್ರಶ್ನೆ ಕೇಳಬಹುದು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಮ್ಮಂಥ ಹಳ್ಳಿಯ ಬಡವರ ಮನೆಗೆ ಬರಲು ಮುಕ್ಕಾಲು ಶತಮಾನ ಹಿಡಿಯಿತು. ಭಾಗ್ಯಜ್ಯೋತಿ ಯೋಜನೆಯಲ್ಲಿ ಮನೆಗೊಂದು 40 ವ್ಯಾಟಿನ ಬಲ್ಬು. ಆ ಒಂದು ಬಲ್ಬನ್ನು ಎಲ್ಲಿ ಹಾಕಿದರು ನೆನಪಿದೆಯೇ? ನಡುಮನೆಯಲ್ಲಿ. ನಮ್ಮ ಮನೆಗೆ ಎರಡನೆಯ ಬಲ್ಬು ಬಂದಾಗ ಅದು ಜಗಲಿಗೆ ಹೋಯಿತು. ಅಡುಗೆಮನೆಗೆ ಬಂದದ್ದು ಕೊನೆಗೆ, ಅದೂ ಜೀರೋ ಬಲ್ಬು. ಹಜಾರಕ್ಕೆ ಟ್ಯೂಬ್‌ಲೈಟು, ಅಡುಗೆಮನೆಗೆ ಜೀರೋ ಬಲ್ಬು! ಮಿತವ್ಯಯ ಶುರುವಾಗುತ್ತಿದ್ದದ್ದು ಯಾವಾಗಲೂ ನಮ್ಮ ಕೋಣೆಯಿಂದ.

1987ರಲ್ಲಿ ರಾಜ್ಯಕ್ಕೆ 2000ದ ವೇಳೆಗೆ ಬೇಕಾಗುವ ವಿದ್ಯುತ್ತಿಗೆಂದು ದೊಡ್ಡ ದೊಡ್ಡ ಸ್ಥಾವರಗಳ ಯೋಜನೆ ತಯಾರಾಯಿತು. ಅದೇ ರೆಡ್ಡಿಯವರು ಸಂಗಡಿಗರೊಂದಿಗೆ 1990ರ ದಶಕದ ಆರಂಭದಲ್ಲಿ ಇನ್ನೊಂದು ಲೆಕ್ಕ ಮುಂದಿಟ್ಟರು. ಜನರಿಗೆ ಬೇಕಾದದ್ದು ಕರೆಂಟಲ್ಲ. ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಕಡಿಮೆ ಕರೆಂಟು ತಿನ್ನುವ ಬಲ್ಬು, ಸೂರ್ಯನ ಶಾಖದ ನೀರೊಲೆ, ಸುಧಾರಿಸಿದ ಪಂಪುಸೆಟ್ಟು ಇವುಗಳಿಂದ ಅದೇ ಅನುಕೂಲವನ್ನು ಇನ್ನೂ ಕಡಿಮೆ ಖರ್ಚಿನಲ್ಲಿ ಕೊಡಬಹುದು ಎಂದು ತೋರಿಸಿದರು. ಕತ್ತಲಲ್ಲಿ ಕೂತು ಉಳಿಸಿ ಎಂದು ಅವರು ಹೇಳಲಿಲ್ಲ. ಬೆಳಕು ಅಷ್ಟೇ ಇರಲಿ, ಪೋಲಾಗುವುದು ನಿಲ್ಲಲಿ ಎಂದರು. ಅವ್ವನ ಎರಡನೆಯ ಒಲೆಯ ಪಾಠವೂ ಅದೇ ಅಲ್ಲವೇ?

ಈಗ ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಮೇಡಂ ಮತ್ತೆ ಪಾಠ ಶುರುಮಾಡಿದರು ಎನ್ನಬೇಡಿ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿ ಅದೇ ಬೆಳಕನ್ನು ಒಂದೂವರೆ ಯೂನಿಟ್ಟಿಗಿಂತ ಕಡಿಮೆಯಲ್ಲಿ ಕೊಡುತ್ತದೆ. ಹಾಗಾಗಿ ನಾನು ಮೊದಲು ಬದಲಾಯಿಸಿದ್ದು ಅಡುಗೆಮನೆಯ ದೀಪ, ಅಲ್ಲಿಗೇ ಒಳ್ಳೆಯ ಬೆಳಕು. 75 ವ್ಯಾಟಿನ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಈಗ ಬರುವ 30 ವ್ಯಾಟಿನದ್ದು ಒಂಬತ್ತರಲ್ಲಿ ಮುಗಿಸುತ್ತದೆ. ಹಳೆಯದು ಕೆಟ್ಟಾಗ ಹೊಸದು ತಂದರೆ ಸಾಕು. 2 ಕಿಲೋವ್ಯಾಟಿನ ಗೀಸರು ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುತ್ತದೆ; ಆದ್ದರಿಂದ ಎಲ್ಲರ ಸ್ನಾನ ಒಂದರ ಹಿಂದೊಂದು. ಒಂದು ಅಶ್ವಶಕ್ತಿಯ ಮೋಟರು ಗಂಟೆಗೆ ಮುಕ್ಕಾಲು ಯೂನಿಟ್. ಟ್ಯಾಂಕು ತುಂಬಿ ಹರಿದರೆ ಕರೆಂಟೂ ಹೋಯಿತು, ನಮ್ಮ ಅರಸೀಕೆರೆಯಲ್ಲಿ ಅದಕ್ಕಿಂತ ದುಬಾರಿಯಾದ ನೀರೂ ಹೋಯಿತು. ಫ್ರಿಜ್ಜನ್ನು ಗೋಡೆಗೆ ಅಂಟಿಸಿಡಬಾರದು; ಬಿಸಿ ಸಾರನ್ನು ಆರಿಸದೆ ಒಳಗಿಡಬಾರದು; ಬಾಗಿಲಿನ ರಬ್ಬರು ಸಡಿಲವಾದರೆ ಹಾಕಿಸಬೇಕು. ಗ್ಯಾಸಿಗೆ ಅವ್ವನ ಸೂತ್ರಗಳೇ: ನೆನೆಹಾಕು, ಮುಚ್ಚು, ಕುದಿ ಬಂದ ಮೇಲೆ ಉರಿ ತಗ್ಗಿಸು. ಕುಕ್ಕರಿನಲ್ಲಿ ಅನ್ನ, ಬೇಳೆ, ತರಕಾರಿ ಒಟ್ಟಿಗೇ ಬೇಯುತ್ತವೆ.

ಬೇಡದ ಉಳಿತಾಯಗಳ ಪಟ್ಟಿಯೂ ನನ್ನಲ್ಲಿದೆ. ಓದುವ ಹುಡುಗಿಯ ದೀಪ ಆರಿಸುವುದಿಲ್ಲ. ವಯಸ್ಸಾದ ಅತ್ತೆಯ ಫ್ಯಾನು ನಿಲ್ಲಿಸುವುದಿಲ್ಲ. ಮಿಕ್ಸಿ ಬಿಟ್ಟು ಒರಳಿಗೆ ಹೋಗು ಎಂದು ಸೊಸೆಗೆ ಹೇಳುವುದಿಲ್ಲ. ಅವು ಕರೆಂಟನ್ನು ಉಳಿಸಿ ಮನುಷ್ಯರನ್ನು ಸವೆಸುವ ಉಳಿತಾಯ.

ಇನ್ನು ಸೊನ್ನೆ ಬಿಲ್ಲಿನ ಮಾತು. ಗೃಹಜ್ಯೋತಿಯಲ್ಲಿ ಪ್ರತಿ ಮನೆಯ ಮಿತಿಯನ್ನು ನಿಗದಿ ಮಾಡಿದ್ದು 2022-23ರ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ. ನಮ್ಮ ಸರಾಸರಿ 52 ಯೂನಿಟ್ ಇತ್ತು. ಆದ್ದರಿಂದ ನಮಗೆ 57. ಮಿತವಾಗಿದ್ದವರಿಗೆ ಮಿತಿಯೂ ಚಿಕ್ಕದು! ಆಗ ಎಲ್ಲರೂ ನನ್ನನ್ನು ನೋಡಿ ನಕ್ಕರು. ಆದರೆ ಅದೇ 2023ರ ಅಕ್ಟೋಬರಿನಲ್ಲಿ ಮಳೆ ಕೈಕೊಟ್ಟು, ರಾಜ್ಯಕ್ಕೆ ಕರೆಂಟೇ ಸಾಲದಾಯಿತು. ಪಂಪುಸೆಟ್ಟಿನ ಹೊತ್ತು ಕಡಿತವಾಯಿತು. ಊರಿನಿಂದ ತಮ್ಮ ಫೋನು ಮಾಡಿದ್ದ. ರಾತ್ರಿ ಯಾವ ಹೊತ್ತಿಗೆ ಕರೆಂಟು ಬರುತ್ತದೋ ಎಂದು ಟಾರ್ಚು ಹಿಡಿದು ಗದ್ದೆ ಬದುವಿನ ಮೇಲೆ ಕಾಯುತ್ತಿದ್ದವರು ಅವನೂ, ಅವನ ಹೆಂಡತಿಯೂ. ನಾನು ಆರಿಸಿದ ದೀಪದ ಕರೆಂಟು ನೇರವಾಗಿ ಅವರ ಪಂಪಿಗೆ ಹರಿಯುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಸಂಜೆಯ ಹೊತ್ತು ರಾಜ್ಯದ ಮನೆಗಳೆಲ್ಲ ಒಟ್ಟಿಗೇ ಎಳೆಯುವ ಕರೆಂಟಿನಲ್ಲಿ ನನ್ನ ಹಜಾರದ ಪಾಲೂ ಇದೆ. ಸೊನ್ನೆ ಎಂದು ಬರೆದಿರುವುದು ನನ್ನ ಚೀಟಿಯಲ್ಲಿ ಮಾತ್ರ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ.

ಮೊನ್ನೆ ಪಕ್ಕದ ಮನೆಯಾಕೆ ಕೊಬ್ಬರಿ ಮಿಠಾಯಿ ತಂದುಕೊಟ್ಟಾಗ ಇದನ್ನೆಲ್ಲ ಹೇಳಿದೆ. ಅವ್ವನ ಮಾತು ಬಂದಾಗ ಇಬ್ಬರ ಕಣ್ಣೂ ಒದ್ದೆಯಾದವು. ಅವರ ತಾಯಿಗೂ ಅದೇ ಕೆಮ್ಮಿತ್ತಂತೆ. "ನಮ್ಮವ್ವ ಒಂದು ಕಂತೆ ಪುಳ್ಳೆ ಉಳಿಸೋಕೆ ಎದೇನೇ ಸುಟ್ಕೊಂಡ್ಲು. ನಂಗೆ ಬರೀ ಕೈ ಎತ್ತಿ ಸ್ವಿಚ್ ಒತ್ತೋ ಕೆಲಸ. ಅಷ್ಟೂ ಮಾಡದಿದ್ರೆ ಹೇಗೆ ಹೇಳಿ?" ಎಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, "ಮನೇಲಿ ಟ್ಯಾಂಕ್ ಮೋಟರ್ ಹಾಕಿ ಬಂದಿದ್ದೆ" ಎಂದು ಗಡಬಡಿಸಿ ಎದ್ದು ಹೋದರು.